ಪದಗಳು ಮನಸ್ಸಿನಲ್ಲಿ ನೆಲೆಯೂರುವ ಬಗೆ

"ಸಾರ್, ಇಂಗ್ಲಿಷ್ ಪದಗಳನ್ನು ಎಷ್ಟು ಕಲಿತರೂ ಮರೆತುಹೋಗುತ್ತವೆ, ಏನು ಮಾಡಲಿ?" ಹಿಂದೆ ನೀವು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ನಿಮ್ಮ ಮಕ್ಕಳು ಕೇಳುತ್ತಿದ್ದಾರೆ. ಆದ್ದರಿಂದ ಈ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಹಳ್ಳಿಯ ಮಕ್ಕಳಿಗೆ ಇದು ಸಣ್ಣ ತೊಂದರೆಯಲ್ಲ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆಗಳನ್ನು ಚೆನ್ನಾಗಿ ವಿವರಿಸಬಲ್ಲ ಹುಡುಗಿ 'ಆಕ್ಸಿಲರೇಷನ್', 'ಫೋಟೋಸಿಂಥೆಸಿಸ್' ಎಂದೊಡನೆ ತಲೆ ತಗ್ಗಿಸಿ ಕೂರುತ್ತಾಳೆ. ಅವಳಿಗೆ ವಿಷಯ ತಿಳಿದಿದೆ, ಹೆಸರು ತಿಳಿದಿಲ್ಲ. ಅಷ್ಟಕ್ಕೇ ತಾನು ದಡ್ಡಿಯೆಂದು ನಂಬಿ ಓದು ಬಿಟ್ಟ ಜಾಣ ಮಕ್ಕಳನ್ನು ನಾನು ಕಂಡಿದ್ದೇನೆ.

ಹೊಸ ಪದವನ್ನು ಹಳೆಯ ಪರಿಚಯಕ್ಕೆ ಗಂಟು ಹಾಕುವುದು ಮೊದಲ ಕೆಲಸ. ಗ್ರೀಕ್ ಮೂಲದ 'ಫೋಟೋ' ಎಂದರೆ ಬೆಳಕು, 'ಸಿಂಥೆಸಿಸ್' ಎಂದರೆ ಕೂಡಿಸುವುದು. ನಮ್ಮ 'ದ್ಯುತಿ', 'ಸಂಶ್ಲೇಷಣೆ'ಗಳ ಅರ್ಥವೂ ಅವೇ ಅಲ್ಲವೇ? ಅಂದಮೇಲೆ ಕನ್ನಡದಲ್ಲಿ ಕಲಿತದ್ದು ಹೊರೆಯಲ್ಲ, ಬೀಗದ ಕೈ. ಬೈಕಿನ ಆಕ್ಸಿಲರೇಟರ್ ತಿರುಗಿಸಬಲ್ಲವನಿಗೆ 'ಆಕ್ಸಿಲರೇಷನ್' ಪರಕೀಯವಲ್ಲ. ಲ್ಯಾಟಿನ್ನಿನಲ್ಲಿ 'ಪೋರ್ಟ್' ಎಂಬ ಧಾತುವಿಗೆ ಹೊರು ಎಂಬ ಅರ್ಥವಿದೆ. ರೈಲು ನಿಲ್ದಾಣದ ಪೋರ್ಟರನನ್ನು ಬಲ್ಲವನಿಗೆ ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್, ಇಂಪೋರ್ಟ್‌ಗಳು ಅದೇ ಮನೆತನದವು.

ಎರಡನೆಯದು, ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆಯುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ತೀವ್ರ, ಅನಂತರ ನಿಧಾನ. ಒಂದೇ ದಿನ ಉರು ಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿಯುವುದು ಮೇಲೆಂದೂ ಅವರು ಕಂಡುಕೊಂಡರು. ಒಂದು ಪದವನ್ನು ಒಂದೇ ಸಂಜೆ ಇಪ್ಪತ್ತು ಸಲ ಬರೆಸಿದರೆ ಕೈ ನೋಯುತ್ತದೆಯೇ ಹೊರತು ಪದ ಬಹುಕಾಲ ಉಳಿಯುವುದಿಲ್ಲ.

1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕರು ಇದಕ್ಕೊಂದು ಸರಳ ಉಪಾಯವನ್ನು ತಿಳಿಸಿದರು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಹೊರಗೆ ಬರುವಂತೆ ಮಡಚಿ ಚೀಟಿ ಮಾಡಿಕೊಂಡರೂ ಸಾಕು. ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಕನ್ನಡದ ಅರ್ಥ ಮತ್ತು ಮಗುವೇ ಕಟ್ಟಿದ ಒಂದು ವಾಕ್ಯ. ಅರ್ಥವನ್ನು ನೋಡದೆ ಹೇಳಬೇಕು. ಸರಿಯಾದರೆ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ಕೆಲವು ದಿನ ಬಿಟ್ಟು ನೋಡಿದರಾಯಿತು. ತಪ್ಪಿದರೆ ಮೊದಲ ಡಬ್ಬಿಗೆ ಮರಳಿ, ನಾಳೆಯೇ ಮತ್ತೆ ಕೈಗೆ ಬರುತ್ತದೆ.

ದಿನಕ್ಕೆ ಐದು ಪದ ಸಾಕು. ನಿಮ್ಮ ಮನೆಯ ಮಗು ಪದವೊಂದನ್ನು ಮರೆತಾಗ ಗದರಬೇಡಿ. ಮರೆವು ಬುದ್ಧಿಯ ಕೊರತೆಯಲ್ಲ, ನೆನಪಿನ ಸಹಜ ಗುಣ. ಮರೆತದ್ದನ್ನು ಮತ್ತೆ ನೆನೆಯಲು ಯತ್ನಿಸುವಾಗಲೇ ಪದ ನಿಜವಾಗಿ ನಮ್ಮದಾಗುತ್ತದೆ.