ಇಂಗ್ಲೀಷ್ ವಾಕ್ಯಗಳ ತಿದ್ದುಪಡಿಯನ್ನು ಕುರಿತು

ಈ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಒಂಬತ್ತನೆಯ ತರಗತಿಯ ಇಂಗ್ಲೀಷ್ ನೋಟುಬುಕ್ಕುಗಳು ನಮ್ಮ ಮೇಜಿನ ಮೇಲೆ ತಿದ್ದುವುದಕ್ಕಾಗಿ ಕಾದಿದ್ದವು. ಆದುದರಿಂದ ಬೇರೊಂದು ವಿಷಯವನ್ನು ಅರಸಿ ಹೋಗದೆ, ಆ ತಿದ್ದುಪಡಿಯ ಸಂಗತಿಯನ್ನೇ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡುತ್ತೇವೆ.

ಭಾಷೆಯ ದೋಷಗಳನ್ನು ಎಣಿಸುವ ಕೆಲಸವು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ವಿಚಾರವಾಗಿರುತ್ತದೆ. ಅಂತಹ ಸೀಮೆಯಲ್ಲಿ ಕೆಂಪು ಮಸಿಯನ್ನು ಹಿಡಿದು ಕೂತಿರುವುದಕ್ಕೆ ನಾವು ನಾಚಬೇಕಾದುದಿಲ್ಲ.

ಕಲಬುರಗಿಯ ಮಕ್ಕಳು ಇಂಗ್ಲೀಷಿನಲ್ಲಿ ಮಾಡುವ ತಪ್ಪುಗಳಲ್ಲಿ ಅನೇಕವು ಕನ್ನಡದ ಒಳ್ಳೆಯ ವಾಕ್ಯಗಳ ನೆರಳುಗಳೇ ಆಗಿವೆ. ‘ಇವತ್ತು ಮುಂಜಾನೆ’ ಎಂಬ ಚೊಕ್ಕ ಕನ್ನಡವು ‘ಟುಡೇ ಮಾರ್ನಿಂಗ್’ ಆಗುತ್ತದೆ. ಇಂಗ್ಲೀಷರು ‘ದಿಸ್ ಮಾರ್ನಿಂಗ್’ ಎನ್ನುವರು. ‘ಆ ವಿಷಯದ ಬಗ್ಗೆ ಚರ್ಚಿಸಿದೆವು’ ಎಂಬಲ್ಲಿಯ ‘ಬಗ್ಗೆ’ಯು ‘ಡಿಸ್ಕಸ್’ ಎಂಬ ಕ್ರಿಯಾಪದದ ಬೆನ್ನು ಹತ್ತಿ, ಅಲ್ಲಿ ಬೇಡವಾದ ‘ಅಬೌಟ್’ ಆಗಿ ನಿಲ್ಲುತ್ತದೆ. ಆದರೆ ಎಲ್ಲ ಅಪರಾಧವನ್ನೂ ಕನ್ನಡದ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆದವಳಿಗೆ ‘ನನ್ನ ಗೆಳತಿಯರಲ್ಲಿ ಒಬ್ಬಳು’ ಎಂಬ ಬಹುವಚನವನ್ನು ಕನ್ನಡವು ಸರಿಯಾಗಿಯೇ ಕಲಿಸಿತ್ತು. ಅವಳೇ ಅದನ್ನು ಕೇಳಲಿಲ್ಲ.

ವಿರಾಮಚಿಹ್ನೆಗಳ ಸಂಗತಿಯೂ ಹೀಗೆಯೇ. ‘ಬಜಾರಕ್ಕೆ ಹೋಗಿ, ತೊಗರಿಬೇಳೆ ತಂದು, ಅವ್ವನ ಕೈಗೆ ಕೊಟ್ಟು, ಶಾಲೆಗೆ ಬಂದೆ’ ಎಂದು ಒಂದೇ ಉಸಿರಿನಲ್ಲಿ ನಾಲ್ಕು ಕೆಲಸಗಳನ್ನು ಪೋಣಿಸುವ ಶಕ್ತಿ ನಮ್ಮ ಭಾಷೆಗೆ ಉಂಟು. ಹುಡುಗಿಯು ಅದನ್ನು ಇಂಗ್ಲೀಷಿಗೆ ಒಯ್ಯುವಾಗ ನಾಲ್ಕೂ ಪೂರ್ಣಕ್ರಿಯಾಪದಗಳಾಗುತ್ತವೆ. ನಡುವೆ ಅಲ್ಪವಿರಾಮ ಮಾತ್ರ ಉಳಿಯುತ್ತದೆ. ಎರಡು ಪೂರ್ಣ ವಾಕ್ಯಗಳನ್ನು ಹೊರುವ ಬಲ ಅಲ್ಪವಿರಾಮಕ್ಕೆ ಇಲ್ಲ. ಅಲ್ಲಿ ಪೂರ್ಣವಿರಾಮವೋ, ಅರ್ಧವಿರಾಮವೋ, ‘ಆ್ಯಂಡ್’ ಎಂಬ ಶಬ್ದವೋ ಬೇಕು. ಇನ್ನು ಅಪಾಸ್ಟ್ರಫಿ ಎಂಬ ಮೇಲ್ಚಿಹ್ನೆಯ ವಿಷಯದಲ್ಲಿ ಪರರನ್ನು ದೂರುವ ಮುಖವು ನಮಗಿಲ್ಲ. ನಮ್ಮ ಹೆಬ್ಬಾಗಿಲಿನ ಫಲಕಕ್ಕೆ ಹೊಸ ಬಣ್ಣ ಬಳಿಸಿದಾಗ ‘ಗರ್ಲ್ಸ್’ ಎಂಬಲ್ಲಿ ಎಸ್ ಅಕ್ಷರದ ಹಿಂದೆ ಬರಬೇಕಾದ ಚಿಹ್ನೆಯು ಮುಂದೆ ಬಂದು, ಇದು ಒಬ್ಬಳೇ ಹುಡುಗಿಯ ಶಾಲೆಯೆಂದು ಸಾರುತ್ತ ಎಷ್ಟೋ ತಿಂಗಳು ನಿಂತಿತ್ತು. ಅದರ ಕೆಳಗೆ ನಾವು ದಿನವೂ ಹಾದುಹೋಗುತ್ತಿದ್ದೆವು.

ಆದರೆ ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಕೆಲವು ವರ್ಷಗಳ ಹಿಂದೆ ಒಬ್ಬ ಬಾಲಿಕೆಯು ‘ಮೈ ಫಾದರ್ ಹ್ಯಾವ್ ಕಮ್, ಮೈ ಮದರ್ ಹ್ಯಾಜ್ ಕಮ್’ ಎಂದು ಬರೆದಿದ್ದಳು. ನಾವು ಮೊದಲನೆಯ ‘ಹ್ಯಾವ್’ ಅನ್ನು ಹೊಡೆದುಹಾಕಿ, ಎರಡನೆಯದಕ್ಕೆ ಸರಿಯ ಗುರುತು ಹಾಕಿದೆವು. ಅವಳು ಪುಸ್ತಕವನ್ನು ನೋಡಿ, “ಅಕ್ಕೋರೆ, ಇಂಗ್ಲೀಷಿನ್ಯಾಗ ಅಪ್ಪಗೂ ಅವ್ವಗೂ ಒಂದೇ ಏನ್ರಿ?” ಎಂದು ಕೇಳಿದಳು. ಆಗ ನಮಗೆ ಹೊಳೆಯಿತು. ಅವಳ ಮನೆಯಲ್ಲಿ ಅಪ್ಪ ‘ಬಂದಾರ’, ಅವ್ವ ‘ಬಂದಾಳ’. ತಂದೆಗೆ ಗೌರವದ ಬಹುವಚನ, ತಾಯಿಗೆ ಏಕವಚನ. ಅವಳು ಎರಡನ್ನೂ ನಿಷ್ಠೆಯಿಂದ ಇಂಗ್ಲೀಷಿಗೆ ತಂದಿದ್ದಳು. ತಾಯಿಯ ಏಕವಚನದಲ್ಲಿ ಸಲಿಗೆಯೂ ಪ್ರೀತಿಯೂ ಇವೆಯೆಂಬುದನ್ನು ನಾವು ಬಲ್ಲೆವು. ಆದರೆ ಪ್ರೀತಿಯೊಂದೇ ಅದಕ್ಕೆ ಕಾರಣವೆಂದು ಆಣೆಯಿಟ್ಟು ಹೇಳಲಾರೆವು.

ಆ ಪ್ರಶ್ನೆಯಾದ ಮೇಲೆ ನಮ್ಮ ಸ್ವಂತ ಪಾಠದ ಟಿಪ್ಪಣಿಗಳನ್ನು ತೆರೆದು ನೋಡಿದೆವು. ‘ಎವೆರಿ ಪ್ಯೂಪಿಲ್ ಮಸ್ಟ್ ಬ್ರಿಂಗ್ ಹಿಸ್ ಬುಕ್’ ಎಂಬ ವಾಕ್ಯವನ್ನು ನಾವು ವರ್ಷವರ್ಷವೂ ಹಲಗೆಯ ಮೇಲೆ ಬರೆಯುತ್ತಿದ್ದೆವು. ಎದುರಿಗೆ ಕೂತವರಲ್ಲಿ ಒಬ್ಬ ಹುಡುಗನೂ ಇಲ್ಲ! ಪುಲ್ಲಿಂಗವು ಸ್ತ್ರೀಯರನ್ನೂ ಒಳಗೊಳ್ಳುವುದೆಂದು ನಮಗೆ ಕಲಿಸಲಾಗಿತ್ತು. ನಮ್ಮ ದೇಶದ 1897ರ ಜನರಲ್ ಕ್ಲಾಜಸ್ ಆ್ಯಕ್ಟಿನ 13ನೆಯ ಕಲಮೂ ಕಾಯಿದೆಗಳ ಮಟ್ಟಿಗೆ ಹಾಗೆಯೇ ಹೇಳುತ್ತದೆ. ಆಶ್ಚರ್ಯವೇನೆಂದರೆ, ಈ ನಿಯಮವನ್ನು 18ನೆಯ ಶತಮಾನದ ನಡುವೆ ವ್ಯಾಕರಣಗ್ರಂಥದಲ್ಲಿ ಬರೆದಿಟ್ಟವರಲ್ಲಿ ಒಬ್ಬರು ಇಂಗ್ಲೆಂಡಿನ ಆ್ಯನ್ ಫಿಶರ್ ಎಂಬ ಶಾಲಾ ಉಪಾಧ್ಯಾಯಿನಿ. ನಾವು ಅವರ ಮೇಲೆ ಕಲ್ಲೆಸೆಯಲಾರೆವು. ನಾವೂ ಅದೇ ವೃತ್ತಿಯವರು, ಅದೇ ವಾಕ್ಯವನ್ನು ಬರೆದವರು.

ಆದರೆ ಒಬ್ಬರನ್ನೇ ಕುರಿತು ‘ದೇ’ ಎನ್ನುವ ರೂಢಿಯು ಆ ನಿಯಮಕ್ಕಿಂತ ಹಳೆಯದು; ಶೇಕ್ಸ್‌ಪಿಯರನೂ ಅದನ್ನು ಬಳಸಿದ್ದಾನೆ. 1989ರಲ್ಲಿ ಪ್ರಕಟವಾದ ಇಂಗ್ಲೀಷ್ ಬೈಬಲಿನ ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ಭಾಷಾಂತರದಲ್ಲಿ, ಮೂಲದಲ್ಲಿ ಸಭೆಯೆಲ್ಲವನ್ನೂ ಕುರಿತು ‘ಸಹೋದರರೇ’ ಎಂದಿದ್ದ ಅನೇಕ ಕಡೆಗಳಲ್ಲಿ ಸಹೋದರಿಯರನ್ನೂ ಸೇರಿಸಿ ಬರೆದರು. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆಯ ಕೈಪಿಡಿಯು 2019ರಲ್ಲಿ ಹೊರಬಂದ ಆವೃತ್ತಿಯಲ್ಲಿ ಏಕವಚನದ ‘ದೇ’ಯನ್ನು ಒಪ್ಪಿಕೊಂಡಿತು. ಪರೀಕ್ಷಕರ ಭಯವುಳ್ಳ ನಮ್ಮ ಮಕ್ಕಳಿಗೆ ನಾವು ಹೇಳಿಕೊಡುವ ದಾರಿ ಮಾತ್ರ ಸುಲಭವಾದುದು: ಇಡೀ ವಾಕ್ಯವನ್ನೇ ಬಹುವಚನಕ್ಕೆ ತಿರುಗಿಸಿ ‘ಆಲ್ ಪ್ಯೂಪಿಲ್ಸ್’ ಎಂದೂ ‘ದೇರ್ ಬುಕ್ಸ್’ ಎಂದೂ ಬರೆಯಿರಿ, ಯಾರ ತಕರಾರೂ ಇರದು. ಇಲ್ಲಿ ಕನ್ನಡವೇ ನಮಗೆ ಗುರು. ‘ಪ್ರತಿಯೊಬ್ಬರೂ ತಮ್ಮ ಪುಸ್ತಕವನ್ನು ತರಬೇಕು’ ಎಂಬುದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಎಲ್ಲರೂ ಇದ್ದಾರೆ.

ಆ ಬಾಲಿಕೆಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಮನೆಗೆ ಹೋಗಿ ಅವಳು ತಾಯಿಗೂ ‘ಬಂದ್ರೇನ್ರಿ’ ಎಂದು ಬಹುವಚನವನ್ನು ಹಚ್ಚಿದಳಂತೆ. ಆ ತಾಯಿ ಪಾಲಕರ ಸಭೆಗೆ ಬಂದಾಗ ನಮ್ಮೆದುರು ನಕ್ಕು, “ನಾ ಏನ್ ಈಕಿಗಿ ಬೀಗತಿ ಏನ್ರಿ ಅಕ್ಕೋರೆ?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರ ಕೇಳಾಕ ಛಲೋ ಅನಸ್ತದರಿ” ಎಂದೂ ಹೇಳಿದರು.