ಬೇತಾಳನಿಲ್ಲದ ಹೆಣ

ಕಥೆಯ ಹೊಟ್ಟೆಯೊಳಗೆ ಕಥೆಯನ್ನಿಡುವ ಕ್ರಮವು ನಮ್ಮವರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ತನ್ನ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳನ್ನು ಸೇರಿಸಿದನು. ರಾಜನ ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ, ಬೇತಾಳನ ಬಾಯಲ್ಲಿ ಕಥೆ, ಕಥೆಯ ಕೊನೆಗೊಂದು ಪ್ರಶ್ನೆ. ಉತ್ತರವನ್ನು ತಿಳಿದೂ ಹೇಳದಿದ್ದರೆ ತಲೆಯೊಡೆದೀತು. ಹೇಳಿದರೆ ಹೆಣವು ಮರಕ್ಕೆ ಹಿಂದಿರುಗೀತು. ಈ ಇಕ್ಕಟ್ಟಿನಲ್ಲಿ ರಾಜನೊಡನೆ ಕೇಳುವ ನಮ್ಮನ್ನೂ ಸಿಕ್ಕಿಸಿದುದು ಆ ಕವಿಯ ಜಾಣತನ. ಅಮೆರಿಕದ ಎರಡು ಚಲಚ್ಚಿತ್ರಗಳನ್ನು ಈಚೆಗೆ ನನ್ನ ಮೊಮ್ಮಗನು ಒಂದರ ಮರುದಿನ ಒಂದರಂತೆ ತೋರಿಸಿದಾಗ, ನನಗೆ ಈ ಬೇತಾಳನೇ ನೆನಪಾದನು.

ಮೊದಲನೆಯದು 1982ರ ‘ಕ್ರೀಪ್‌ಷೋ’. ನಿರ್ದೇಶಕನು ಜಾರ್ಜ್ ರೊಮೆರೊ. ಬರೆದವನು ಸ್ಟೀಫನ್ ಕಿಂಗ್. 1950ರಿಂದೀಚೆಗೆ ಕೆಲವು ವರ್ಷ ಆ ದೇಶದ ಹುಡುಗರ ಕೈಯಲ್ಲಿ ಓಡಾಡುತ್ತಿದ್ದ ಭೂತಪ್ರೇತಗಳ ಚಿತ್ರಕಥೆಯ ಪುಸ್ತಕಗಳ ಮಾದರಿಯಲ್ಲಿ ಐದು ಕಥೆಗಳನ್ನು ಹೆಣೆದಿರುವರು. ಅಂತಹ ಪುಸ್ತಕವನ್ನು ಓದುತ್ತಿದ್ದ ಮಗನನ್ನು ದಂಡಿಸಿ, ತಂದೆಯು ಅದನ್ನು ಕಸದ ತೊಟ್ಟಿಗೆ ಎಸೆಯುವುದೇ ಹೊರಕಥೆ. ಗಾಳಿಗೆ ಪುಟಗಳು ಮಗುಚಿದಂತೆಲ್ಲ ಒಳಕಥೆಗಳು ತೆರೆದುಕೊಳ್ಳುವುವು. ಧೂಳೂ ಸೋಂಕದಂತೆ ಬಿಗಿದ ಬಿಳಿಯ ಮನೆಯಲ್ಲಿ ಒಬ್ಬನೇ ಕುಳಿತು, ಟೆಲಿಫೋನಿನ ಮೂಲಕವೇ ಅನ್ಯರ ಬಾಳನ್ನು ಹೊಸಕುವ ಧನಿಕನಿಗೆ ಜಿರಲೆಗಳು ಯಮದೂತರಾಗುವ ಕಥೆಯಂತೂ ಮರೆಯತಕ್ಕುದಲ್ಲ. ಅಲ್ಲಿ ಅಸಹ್ಯವುಂಟು, ಆದರೆ ಆ ಅಸಹ್ಯಕ್ಕೊಂದು ನ್ಯಾಯವೂ ಉಂಟು.

ಆ ಹೊರಕಥೆಯ ತಂದೆಯಂತಹವರನ್ನು ನಾನು ಬಲ್ಲೆನು. ಉಪಾಧ್ಯಾಯನಾಗಿದ್ದಾಗ ಮಳೆಗಾಲದ ಕಡೆಯ ಪೀರಿಯಡ್ಡಿನಲ್ಲಿ ಬೇತಾಳನ ಕಥೆಗಳನ್ನು ಹೇಳುವುದು ನನ್ನ ರೂಢಿಯಾಗಿದ್ದಿತು. ಒಂದು ದಿನ ಹುಡುಗನೊಬ್ಬನ ತಂದೆ ಬಂದು, “ಮೇಷ್ಟ್ರೇ, ನಮ್ಮವನು ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲೊಲ್ಲ. ಸಂಸ್ಕೃತ ಕಲಿಸಿರಿ, ಪುಕ್ಕಲುತನ ಬೇಡ” ಎಂದರು. “ಮಲಗುವ ಮುನ್ನ ನಿಮ್ಮನ್ನೇನಾದರೂ ಕೇಳಿದನೇ?” ಎಂದೆನು. “ಸತ್ತ ಹುಡುಗಿಯ ಬೂದಿಯ ಮೇಲೆ ಮಲಗಿದವನು, ಎಲುಬನ್ನು ಗಂಗೆಗೆ ಒಯ್ದವನು, ಮಂತ್ರದಿಂದ ಬದುಕಿಸಿದವನು, ಈ ಮೂವರಲ್ಲಿ ಗಂಡನಾಗತಕ್ಕವನು ಯಾರೆಂದು ಹಟ ಹಿಡಿದ.” “ತಾವೇನು ಹೇಳಿದಿರಿ?” ಅವರು ಉತ್ತರ ಹೇಳದೆ ನಕ್ಕರು. ಮುಂದಿನ ವಾರದ ಕಥೆಗೆ ಅಡ್ಡಿಯಾಗಲಿಲ್ಲ. ಎರಡನೆಯ ಚಲಚ್ಚಿತ್ರವನ್ನು ಆ ಮಹನೀಯರು ಆಗಲೇ ನೋಡಿದ್ದರೆ ನನ್ನ ವಾದವು ಅಲ್ಲಿಗೇ ಬೀಳುತ್ತಿದ್ದಿತು.

ಅದು 1987ರ ‘ಕ್ರೀಪ್‌ಷೋ 2’. ಮೊದಲ ಚಿತ್ರದ ಛಾಯಾಗ್ರಾಹಕನಾದ ಮೈಕೆಲ್ ಗಾರ್ನಿಕ್ ಇದರ ನಿರ್ದೇಶಕನು. ಕಿಂಗನ ಕಥೆಗಳಿಗೆ ರೊಮೆರೊ ಚಿತ್ರರೂಪ ಕೊಟ್ಟಿರುವನು. ಐದು ಕಥೆಗಳೆಂದು ಹೊರಟವರು, ಹಣ ಸಾಲದೆ ಮೂರಕ್ಕಿಳಿದರು. ಹಿಂದಿನದು ಎರಡು ಗಂಟೆ, ಇದು ಒಂದೂವರೆ ಗಂಟೆ. ಆದರೂ ಇದೇ ದೀರ್ಘವೆನಿಸುವುದೇಕೋ! ಹೊರಕಥೆಯನ್ನು ಬಹುಮಟ್ಟಿಗೆ ಬರೆದ ಬೊಂಬೆಗಳಿಂದ ಆಡಿಸಿರುವರು. ಪುಂಡ ಹುಡುಗರು ಒಬ್ಬ ಬಾಲಕನನ್ನು ಅಟ್ಟುವರು. ಅವರನ್ನು ಮಾಂಸಾಹಾರಿ ಗಿಡಗಳು ನುಂಗುವುವು. ಇದನ್ನು ಕಿತ್ತು ಹಾಕಿದರೂ ಒಳಕಥೆಗಳಿಗೆ ಕೂದಲೆಳೆಯಷ್ಟೂ ನಷ್ಟವಿಲ್ಲ. ಹೆಣವಿದೆ, ಹೆಗಲಿದೆ, ಬೇತಾಳನೇ ಇಲ್ಲ.

ಮೊದಲ ಕಥೆಯ ಆರಂಭ ಮಾತ್ರ ಚೆನ್ನಾಗಿದೆ. ಜನ ಬಿಟ್ಟುಹೋಗುತ್ತಿರುವ ಊರು, ಅಲ್ಲೊಂದು ಅಂಗಡಿ, ಸಾಲ ಕೊಟ್ಟು ಕೊಟ್ಟು ಬರಿದಾದ ವೃದ್ಧ ದಂಪತಿಗಳು. ಜಾರ್ಜ್ ಕೆನಡಿ ಮತ್ತು ಡೊರೊತಿ ಲಮೂರ್ ಈ ಪಾತ್ರಗಳಲ್ಲಿರುವರು. ಆಕೆಗೆ ಇದೇ ಕಡೆಯ ಚಲಚ್ಚಿತ್ರ. ಆ ನೆಲದ ಮೂಲನಿವಾಸಿಗಳ ಹಿರಿಯನೊಬ್ಬನು ತನ್ನ ಕುಲದ ಸಾಲಕ್ಕೆ ಒತ್ತೆಯಾಗಿ, ಮನೆಮನೆಯ ಒಡವೆಗಳನ್ನು ಗಂಟು ಕಟ್ಟಿ ತಂದೊಪ್ಪಿಸುವನು. ಕೊಟ್ಟವನಿಗೆ ಮಾನ ದೊಡ್ಡದು, ಪಡೆದವನಿಗೆ ಸಂಕೋಚ ದೊಡ್ಡದು. ಇಂತಹ ಸನ್ನಿವೇಶ ಕೈಗೆ ಸಿಕ್ಕಿದ ಮೇಲೆ ಇನ್ನೇನು ಬೇಕು? ಆದರೆ ಆ ಹಿರಿಯನ ಬಂಧುವೇ ದರೋಡೆಗೆ ಬಂದು ಮುದುಕರನ್ನು ಕೊಲ್ಲುವನು. ಅಂಗಡಿಯ ಮುಂದಿನ ಮರದ ಪ್ರತಿಮೆ ಜೀವ ತಳೆದು ಕೊಲೆಗಡುಕರನ್ನು ಒಬ್ಬೊಬ್ಬರಾಗಿ ಮುಗಿಸುವುದು. ಒತ್ತೆಯ ಋಣವೇನಾಯಿತೆಂದು ಕೇಳಿಕೊಳ್ಳಲು ಬಿಡುವೇ ಇಲ್ಲ.

ಮೂರನೆಯದರಲ್ಲಿ, ಗಂಡನಿಗೆ ತಿಳಿಯದಂತೆ ಪ್ರಿಯನ ಬಳಿಗೆ ಹೋಗಿದ್ದ ಸ್ತ್ರೀಯೊಬ್ಬಳು, ಹೊತ್ತು ಮೀರಿತೆಂದು ರಾತ್ರಿ ಕಾರನ್ನು ಓಡಿಸುತ್ತ ದಾರಿಹೋಕನೊಬ್ಬನನ್ನು ಕೆಡವಿ ನಿಲ್ಲದೆ ಹೋಗುವಳು. ಸತ್ತವನು ಬೆನ್ನು ಹತ್ತುವನು. ಮೊದಲ ಸಲ ಕಿಟಕಿಯಲ್ಲಿ ಕಂಡಾಗ ನನಗೂ ಎದೆ ಝಲ್ಲೆಂದಿತು. ಬಳಿಕ ಆಕೆ ಗುದ್ದುವುದು, ಅವನು ಏಳುವುದು, ಇನ್ನಷ್ಟು ಜಜ್ಜಿ ಹೋಗಿ ಮತ್ತೆ ಏಳುವುದು. ಪರಿಪುಷ್ಟವಾದ ರಸವನ್ನು ಪದೇ ಪದೇ ಕೆಣಕುವುದು ರಸಕ್ಕೆ ವಿರೋಧಿಯೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಎಚ್ಚರಿಸಿರುವುದು ಇಂತಹುದನ್ನೇ. ಭಯಾನಕವು ಬೀಭತ್ಸಕ್ಕಿಳಿದು, ಬೀಭತ್ಸವು ಹಾಸ್ಯಕ್ಕಿಳಿಯಿತು. ಮೊಮ್ಮಗನಂತೂ ಗಟ್ಟಿಯಾಗಿ ನಕ್ಕುಬಿಟ್ಟನು.

ನಡುವಣ ಕಥೆಯನ್ನು ಬೇಕೆಂದೇ ಕಡೆಗಿರಿಸಿದ್ದೇನೆ. ನಾಲ್ವರು ವಿದ್ಯಾರ್ಥಿಗಳು ನಿರ್ಜನವಾದ ಕೊಳದ ನಡುವಿನ ಮರದ ತೆಪ್ಪಕ್ಕೆ ಈಜಿ ಹೋಗುವರು. ನೀರಿನ ಮೇಲೆ ಎಣ್ಣೆ ಚೆಲ್ಲಿದಂತಹ ಒಂದು ಕರಿಯ ಪೊರೆ. ಮುಟ್ಟಿದವರನ್ನು ಕರಗಿಸಿ ನುಂಗುವುದು. ಅದೇನು, ಎಲ್ಲಿಂದ ಬಂತು, ಹೇಳುವವರಿಲ್ಲ. ಮೂಲಕಥೆ 1985ರ ‘ಸ್ಕೆಲಿಟನ್ ಕ್ರೂ’ ಎಂಬ ಸಂಗ್ರಹದಲ್ಲಿದೆ. ಅಲ್ಲಿ ಉಳಿದೊಬ್ಬ ಹುಡುಗನು ದಡವನ್ನು ಸೇರುವುದೇ ಇಲ್ಲ. ಕಾಲು ಸೋತರೂ ಕೂರುವಂತಿಲ್ಲ, ನಿದ್ದೆ ಬಂದರೂ ಮಲಗುವಂತಿಲ್ಲ. ನೀರನ್ನು ನೋಡುತ್ತ ತೆಪ್ಪದ ಮೇಲೆಯೇ ಉಳಿಯುವನು. ಚಲಚ್ಚಿತ್ರದಲ್ಲಾದರೋ ಅವನು ದಡ ಹತ್ತಿ ಗೆದ್ದೆನೆಂದು ಕೂಗುವನು. ಆ ಪೊರೆ ಅಲೆಯಂತೆ ಎದ್ದು ಬಂದು ಅವನನ್ನು ಮುಚ್ಚುವುದು. ಜನ ಬೆಚ್ಚುವುದೇನೋ ದಿಟ. ಆದರೆ ಬೆಚ್ಚಿದವನು ಮರುಕ್ಷಣ ಹಗುರಾಗಿ ಎದ್ದು ಹೋಗುವನು. ಕಾಯುತ್ತ ನಿಂತವನ ಭಯವು ಓದಿದವನ ಮನೆಗೂ ಬರುವುದು.

ಮೊದಲ ರಾತ್ರಿ ಹನ್ನೊಂದು ಗಂಟೆಯವರೆಗೆ, “ತಾತ, ಪುಸ್ತಕ ಎಸೆದ ಅಪ್ಪನದು ತಪ್ಪಲ್ಲವೇ?” ಎಂದು ವಾದಿಸಿದ್ದ ಮೊಮ್ಮಗನು, ಎರಡನೆಯ ರಾತ್ರಿ ಒಂದು ಮಾತನ್ನೂ ಕೇಳದೆ ಹಾಸಿಗೆ ಬಿಡಿಸಿದನು. ಕೈಬಿಟ್ಟ ಎರಡು ಕಥೆಗಳಲ್ಲಿ ಬೆಕ್ಕಿನದೊಂದು 1990ರಲ್ಲಿ ‘ಟೇಲ್ಸ್ ಫ್ರಮ್ ದ ಡಾರ್ಕ್‌ಸೈಡ್’ ಎಂಬ ಬೇರೊಂದು ಚಲಚ್ಚಿತ್ರದಲ್ಲಿ ಸೇರಿತು. ಅದನ್ನು ದಸರೆಯ ರಜೆಯಲ್ಲಿ ನೋಡುವುದೆಂದು ನಮ್ಮಿಬ್ಬರಲ್ಲಿ ಮಾತಾಗಿದೆ.