ತಲೆನೋವಿಗೆ ಮೊದಲು

ಬಂಟವಾಳದಲ್ಲಿ ನೇತ್ರಾವತಿಯ ಬದಿಯಲ್ಲಿರುವ ನಮ್ಮ ಮನೆಗೆ ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಕಡೆಯ ಹಳೆಯ ಶಿಷ್ಯನೊಬ್ಬನು ಬಂದಿದ್ದನು. ಮೈ ಸೊರಗಿತ್ತು. “ಹದಿನೈದು ದಿನಗಳಿಂದ ತಲೆನೋವು, ಮಾಸ್ಟ್ರೇ” ಎಂದನು. ಪಿತ್ತವಿರಬೇಕೆಂದು ನಾನು ಜೀರಿಗೆಯ ಕಷಾಯ ಕುಡಿಸಿ ಕಳುಹಿಸಿದೆನು. ತನಗೆ ಎಚ್.ಐ.ವಿ. ಸೋಂಕಿರುವದನ್ನು ಅವನು ಹೇಳಲಿಲ್ಲ. ತಿಂಗಳೊಳಗೆ ತೀರಿಹೋದನು, ಶಿಲೀಂಧ್ರವೊಂದು ಮಿದುಳಿನ ಪೊರೆಗೆ ತಗಲಿದ್ದಿತೆಂದು ಆ ಮೇಲೆ ಅವನ ತಾಯಿಯಿಂದ ತಿಳಿಯಿತು.

ಕ್ರಿಪ್ಟೊಕಾಕಸ್ ಎಂಬ ಈ ಶಿಲೀಂಧ್ರವು ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿರುವದು. ಉಸಿರಿನೊಡನೆ ಯಾರ ಶ್ವಾಸಕೋಶವನ್ನಾದರೂ ಸೇರಬಲ್ಲದು. ದೇಹಬಲವುಳ್ಳವರನ್ನು ಸಾಮಾನ್ಯವಾಗಿ ಬಾಧಿಸದು. ಎಚ್.ಐ.ವಿ. ಸೋಂಕಿನಿಂದ ಸಿಡಿ4 ಎಂಬ ರಕ್ಷಕ ಕಣಗಳು ಬಹಳ ಕುಗ್ಗಿದವರಿಗೆ ಮೃತ್ಯುಪ್ರಾಯವಾಗಬಹುದು. ಆದರೆ ತಲೆನೋವು ತೋರುವದಕ್ಕೆ ವಾರಗಳ ಮೊದಲೇ ಅದರ ಗುರುತು ರಕ್ತದಲ್ಲಿ ಸಿಕ್ಕುವದು. ಕಾಗದದ ಪಟ್ಟಿಯ ಮೇಲಣ ಆ ಪರೀಕ್ಷೆಗೆ ಹತ್ತು ನಿಮಿಷ ಸಾಕು. ರೋಗವು ಮಿದುಳಿಗೇರದಿದ್ದರೆ ಫ್ಲುಕೊನಜೋಲ್ ಗುಳಿಗೆಗಳಿಂದ ತಡೆಯಬಹುದು. ಸಿಡಿ4 ಎಣಿಕೆಯು 100ಕ್ಕಿಂತ ಕೆಳಗಿರುವ ಪ್ರೌಢರಿಗೆ ಎಚ್.ಐ.ವಿ. ಔಷಧವನ್ನಾರಂಭಿಸುವ ಮೊದಲು ಈ ಪರೀಕ್ಷೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೇಳಿದೆ.

ಅವನು ಬಾಯಿಬಿಡದೆ ಹೋದುದೇಕೆ? ಮೊನ್ನೆ ಮೂಡಬಿದಿರೆಯಲ್ಲಿ ಬಂಧುಗಳ ಜಗಲಿಯ ಮೇಲೆ ಇಂಥ ರೋಗಿಯೊಬ್ಬರನ್ನು ಹೀಗಳೆಯುವದನ್ನು ಕೇಳಿದಾಗ ಕಾರಣ ಹೊಳೆಯಿತು. ಅಂಥ ಜಗಲಿಗಳಲ್ಲಿ ನಾನೂ ಸುಮ್ಮನೆ ಕುಳಿತವನೇ. ಸರಕಾರವು 2004ರಿಂದ ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. 2017ರ ಕಾಯಿದೆಯು ರೋಗಿಯ ಗುಟ್ಟನ್ನು ಕಾಯುತ್ತದೆ. ಪರೀಕ್ಷೆಗೆ ಹೋಗುವ ಧೈರ್ಯವನ್ನಾದರೋ ನೆರೆಹೊರೆಯವರೇ ಕೊಡಬೇಕು. ಈ ಸಲ ನಾನು ಸುಮ್ಮನಿರಲಿಲ್ಲ. ಆ ಹತ್ತು ನಿಮಿಷದ ಪರೀಕ್ಷೆಯ ಸಂಗತಿಯನ್ನೂ ನನ್ನ ಕಷಾಯದ ಸಂಗತಿಯನ್ನೂ ಅಲ್ಲಿಯೇ ಹೇಳಿದೆನು.